ಮಿಲ್ ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿರಬೇಕು?

ಗಂಗಾವತಿಯ ಅಕ್ಕಿ ಮಿಲ್ಲುಗಳಿಗೆ ಹೆಚ್ಚಿನವರು ಬರುವುದು ಒಳಗಿದ್ದವರ ಕೈಹಿಡಿದು. ಹಮಾಲರನ್ನು ಮೇಸ್ತ್ರಿ ಕರೆತರುತ್ತಾನೆ, ಆಪರೇಟರ್ ತನ್ನ ತಮ್ಮನನ್ನು, ಗುಮಾಸ್ತ ತನ್ನ ಅಳಿಯನನ್ನು. ಸುಗ್ಗಿಯಲ್ಲಿ ಹಗಲು ರಾತ್ರಿ ಮಿಲ್ ಓಡುವಾಗ ನಂಬಿಕಸ್ಥರು ಬೇಕು, ಹಾಗಾಗಿ ಇದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಪಾಳಿ ನೋಡಿಕೊಳ್ಳುವವರನ್ನು ಆರಿಸುವಾಗಲೂ ಇದೇ ದಾರಿ ಹಿಡಿದರೆ ಕೆಲಸ ಬಲ್ಲವರು ಮೂಲೆಯಲ್ಲೇ ಉಳಿಯುತ್ತಾರೆ. ನಾನು ಮ್ಯಾನೇಜರ್ ಆಗಿರುವ ಮಿಲ್ಲಿನಲ್ಲಿ ಅಂಥವರನ್ನು ಹೇಗೆ ಹುಡುಕಿದೆ, ಹೇಗೆ ಮುಂದೆ ತಂದೆ ಎಂಬುದನ್ನು ಬರೆಯುತ್ತಿದ್ದೇನೆ.

ನಾನು ಮೊದಲು ಗಮನಿಸಿದ್ದು, ತೊಂದರೆ ಬಂದಾಗ ಜನ ಯಾರನ್ನು ಕರೆಯುತ್ತಾರೆ ಎಂಬುದನ್ನು. ರಾತ್ರಿ ಕಾಳನ್ನು ಮೇಲಕ್ಕೆತ್ತುವ ಎಲಿವೇಟರಿನ ಬೆಲ್ಟ್ ಜಾರಿತು, ಬಣ್ಣ ನೋಡಿ ಕೆಟ್ಟ ಕಾಳು ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರ ದಾಟಿ ಕಪ್ಪು ಕಾಳು ಬಂತು ಅಂದರೆ ಫೋನ್ ಯಾರಿಗೆ ಹೋಗುತ್ತದೆ? ಹಾಜರಿ ಪುಸ್ತಕದಲ್ಲಿ ಹೆಡ್ ಎಂದು ಬರೆದ ಹೆಸರಿಗೆ ಎಷ್ಟೋ ಸಲ ಹೋಗುತ್ತಿರಲಿಲ್ಲ. ಕುಷ್ಟಗಿ ಕಡೆಯ ಒಬ್ಬ ಹುಡುಗನಿಗೆ ಹೋಗುತ್ತಿತ್ತು. ಅವನ ಕೆಲಸ ಭತ್ತದ ಸಿಪ್ಪೆ ಬಿಡಿಸುವ ಯಂತ್ರವಾದ ಶೆಲ್ಲರ್ ಸುತ್ತ ಕಸ ಹೊಡೆಯುವುದು, ಧೂಳು ತುಂಬುವುದು, ಅಷ್ಟೇ.

ಒಂದು ದಿನ ಅವನು ಶೆಲ್ಲರ್ ಕೆಳಗಿನಿಂದ ಒಂದು ಹಿಡಿ ಹೊಟ್ಟು ತೆಗೆದು, ಅಂಗೈಯಲ್ಲಿ ಹರಡಿ, ಬಾಯಿಂದ ಊದಿದ. ಹೊಟ್ಟು ಹಾರಿತು, ಅಂಗೈಯಲ್ಲಿ ಬಿಳಿ ಚೂರುಗಳು ಉಳಿದವು. "ಸರ, ರೋಲ್ ಸವದೈತ್ರಿ. ಇವ್ರು ಗ್ಯಾಪ್ ಬಿಗಿ ಮಾಡ್ಯಾರ, ಅದಕ್ಕ ನುಚ್ಚು ಬರಾಕತ್ತೈತಿ" ಅಂದ. ಬಿಚ್ಚಿ ನೋಡಿದರೆ ಅವನು ಹೇಳಿದ್ದೇ ನಿಜ. ಶೆಲ್ಲರಿನ ಎರಡು ರಬ್ಬರ್ ರೋಲುಗಳು ಎದುರುಬದುರು ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ. ಆ ವೇಗದ ಅಂತರದಿಂದಲೇ ಭತ್ತದ ಸಿಪ್ಪೆ ಬಿಡುವುದು. ಜೋರಾಗಿ ತಿರುಗುವ ರೋಲ್ ಬೇಗ ಸವೆದು ಸಣ್ಣದಾಗುತ್ತದೆ, ಅಂತರ ತಗ್ಗುತ್ತದೆ, ಸಿಪ್ಪೆ ಬಿಡುವುದಿಲ್ಲ. ಆಗ ಆಪರೇಟರ್ ಗ್ಯಾಪ್ ಬಿಗಿ ಮಾಡುತ್ತಾನೆ, ಕಾಳು ಒಡೆಯುತ್ತದೆ. ಹೊತ್ತಿಗೆ ಸರಿಯಾಗಿ ಎರಡೂ ರೋಲುಗಳನ್ನು ಅದಲುಬದಲು ಮಾಡಿದರೆ ಈ ತೊಂದರೆಯಿಲ್ಲ. ಕಂಪನಿಯ ಇಂಜಿನಿಯರ್ ವಿವರಿಸುವ ಈ ವಿಷಯವನ್ನು ಹುಡುಗ ಅಂಗೈಯಲ್ಲೇ ಓದಿದ್ದ.

ಅವನಿಗೆ ಹೆಡ್ ಅನ್ನುವ ಹೆಸರು ಕೊಡುವುದಕ್ಕಿಂತ ಮೊದಲು ಮಿಲ್ ನಿಲ್ಲಿಸುವ ಅಧಿಕಾರ ಕೊಟ್ಟೆ. ಮಿಲ್ಲಿನ ಮಾಲೀಕರಾದ ಸಾವ್ಕಾರರು ಒಪ್ಪಲು ಸಮಯ ಹಿಡಿಯಿತು. "ಬೆಳಿಗ್ಗೆ ಲಾರಿ ಲೋಡ್ ಇರತೈತಿ, ಇವ ರಾತ್ರಿ ಮಿಲ್ ಬಂದ್ ಮಾಡಿ ಕುಂತ್ರ ಹೆಂಗ?" ಎಂಬುದು ಅವರ ಮಾತು. ನಾನು ಹೇಳಿದ್ದಿಷ್ಟು: ನಿಲ್ಲಿಸಬೇಕು ಅನ್ನಿಸಿದರೆ ಅವನು ನಿಲ್ಲಿಸಲಿ, ಆಮೇಲೆ ನನಗೆ ಫೋನ್ ಮಾಡಲಿ, ಕಾರಣವನ್ನು ಪುಸ್ತಕದಲ್ಲಿ ಬರೆಯಲಿ. ಬೇರಿಂಗ್, ಬೆಲ್ಟ್ ತರಲು ಒಂದಿಷ್ಟು ರೊಕ್ಕವೂ ಅವನ ಹತ್ತಿರ ಇರಲಿ. ಪ್ರತಿಯೊಂದಕ್ಕೂ ಕೇಳಿಯೇ ಮಾಡಬೇಕಾದವನು ಮುಂದಾಳಾಗುವುದು ಹೇಗೆ?

ಪರೀಕ್ಷೆ ಬೇಗನೇ ಬಂತು. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದಿತ್ತು. ಒಂದು ರಾತ್ರಿ ಬಂದ ಲೋಡಿಗೆ ಮೀಟರ್ ಹಿಡಿದರೆ ತೇವಾಂಶ ಶೇ 14 ದಾಟಿ ಬಹಳ ಮೇಲಿತ್ತು. ಅಂಥ ಭತ್ತ ಒಣಗದೆ ಮಿಲ್ಲಿಗೆ ಬಿದ್ದರೆ ಕಾಳು ಪುಡಿಯಾಗುತ್ತದೆ. ಹುಡುಗ ಆ ಲಾಟ್ ಬೇರೆ ಹಾಕಿಸಿ ಮಿಲ್ ನಿಲ್ಲಿಸಿದ. ಬೆಳಿಗ್ಗೆ ಸಾವ್ಕಾರರು ಸಿಟ್ಟಾಗಿದ್ದರು. ಅವನ ಎದುರಿಗೇ ನಾನು, "ಇದು ನನ್ನ ತೀರ್ಮಾನ ಅಂತ ತಿಳ್ಕೊಳ್ರಿ" ಅಂದೆ. ಆ ಮಾತನ್ನು ಅವನು ಕೇಳಿಸಿಕೊಳ್ಳಬೇಕಿತ್ತು. ಅಧಿಕಾರ ಕೊಟ್ಟು, ಅದನ್ನು ಬಳಸಿದ ಮೊದಲ ದಿನವೇ ಕೈಬಿಟ್ಟರೆ ಆ ಮನುಷ್ಯ ಮತ್ತೆ ತಾನಾಗಿ ಯಾವ ತೀರ್ಮಾನವನ್ನೂ ತೆಗೆದುಕೊಳ್ಳುವುದಿಲ್ಲ.

ಹಳೆಯ ಆಪರೇಟರುಗಳಿಗೆ ಇದು ಸರಿಬರಲಿಲ್ಲ, ಸಹಜವೇ. ಹಿರಿಯರೊಬ್ಬರಿಗೆ ಹೊಸಬರನ್ನು ತಯಾರು ಮಾಡುವ ಜವಾಬ್ದಾರಿ ಕೊಟ್ಟು ಸಂಬಳ ಏರಿಸಿದೆ. ಹುಡುಗ ಅವರನ್ನು ಇಂದಿಗೂ ಕಾಕಾ ಅಂತಲೇ ಕರೆಯುತ್ತಾನೆ, ಕೇಳಿ ಕಲಿಯುತ್ತಾನೆ.

ಪ್ಯಾಕಿಂಗ್‌ನಲ್ಲಿ ಕಂಡದ್ದು ಬೇರೆ ಬಗೆಯ ಪ್ರತಿಭೆ. 2022ರ ಜುಲೈ 18ರಿಂದ 25 ಕೆ.ಜಿ. ವರೆಗಿನ ಲೇಬಲ್ ಹಚ್ಚಿದ ಅಕ್ಕಿ ಚೀಲಕ್ಕೆ ಶೇ 5 ಜಿಎಸ್‌ಟಿ ಬಂತು. ಬಹಳಷ್ಟು ಮಿಲ್ಲುಗಳು 26 ಕೆ.ಜಿ. ಚೀಲಕ್ಕೆ ಹೊರಳಿದವು, ನಾವೂ ಹೊರಳಿದೆವು. ಹಳೆಯ ಆರ್ಡರಿನ 25 ಕೆ.ಜಿ. ಚೀಲಗಳೂ ಹೊಸವೂ ಒಂದೇ ಕಡೆ ಸೇರಿ ಗೊಂದಲವೋ ಗೊಂದಲ. ಚೀಲ ಹೊಲಿಯುವ ಅಕ್ಕ ಒಬ್ಬರು ಯಾರನ್ನೂ ಕೇಳದೆ ಒಂದು ತೂಕದ ಯಂತ್ರವನ್ನು 26ಕ್ಕೇ ಮೀಸಲಿಟ್ಟು, ಅದರ ಚೀಲಗಳಿಗೆ ಬೇರೆ ದಾರ ಹಾಕತೊಡಗಿದರು. "ಕೆಂಪು ದಾರ ಅಂದ್ರ ಇಪ್ಪತ್ತಾರ್ರಿ, ಲಾರಿ ತುಂಬೋರಿಗೆ ದೂರದಿಂದನ ಗೊತ್ತಾಗತೈತಿ" ಅಂದರು. ಪ್ಯಾಕಿಂಗ್ ವಿಭಾಗದ ಪಾಳಿ ಹಂಚುವುದು, ರಜೆ ಕೊಡುವುದು ಈಗ ಅವರದೇ. ರಜೆಯ ತಕರಾರು ನನ್ನ ಮೇಜಿಗೆ ಬರುವುದೇ ಅಪರೂಪ.

ಇನ್ನೊಂದು ಪಾಠ ಹೊರಗಿನಿಂದ ಬಂತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತು. ಎಡದಂಡೆ ಕಾಲುವೆಯ ನೀರಿಲ್ಲದೆ ನಮ್ಮ ಕಡೆ ಭತ್ತವಿಲ್ಲ, ಭತ್ತವಿಲ್ಲದೆ ಮಿಲ್ಲಿಲ್ಲ. ಆ ದಿನಗಳಲ್ಲಿ ನಮ್ಮ ಹಮಾಲರೆಲ್ಲ ಬಿಡುವಾದಾಗ ಮೊಬೈಲಿನಲ್ಲಿ ಅದನ್ನೇ ನೋಡುತ್ತಿದ್ದರು. ನಿವೃತ್ತರಾಗಿದ್ದ ಗೇಟ್ ತಜ್ಞ ಕನ್ನಯ್ಯ ನಾಯ್ಡು ಬಂದರು, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ಗೇಟಿನ ತುಂಡುಗಳನ್ನು ಇಳಿಸಿದರು, ಒಂದು ವಾರದ ಹೊತ್ತಿಗೆ ನೀರು ನಿಂತಿತು. ಅವರ ಮೇಲೆ ನನಗೆ ಅಪಾರ ಗೌರವ ಮೂಡಿತು. ಜೊತೆಗೆ ನಮ್ಮ ಮಿಲ್ಲಿನಲ್ಲಿ ಒಬ್ಬರ ತಲೆಯಲ್ಲಷ್ಟೇ ಇರುವ ವಿದ್ಯೆ ಯಾವುದು ಎಂದು ಪಟ್ಟಿ ಮಾಡಲು ಕುಳಿತೆ. ಬಾಯ್ಲರ್ ಮೊದಲು ಬಂತು. ಹೊಟ್ಟಿನ ಉರಿಯನ್ನು ಹದವಾಗಿ ಹಿಡಿಯುವವರು ಒಬ್ಬರೇ, ಅವರಿಗೂ ವಯಸ್ಸಾಗಿತ್ತು. ಐಟಿಐ ಮಾಡಿದ ಹುಡುಗನೊಬ್ಬನನ್ನು ಅವರ ಜೊತೆ ಬಿಟ್ಟೆ. ಬಾಯ್ಲರ್ ನಡೆಸಲು ಸರ್ಟಿಫಿಕೇಟ್ ಬೇಕಾದ್ದರಿಂದ ಅದರ ಪರೀಕ್ಷೆಗೂ ಅವನನ್ನು ತಯಾರು ಮಾಡಿಸುತ್ತಿದ್ದೇವೆ.

ಕಲಿತವರನ್ನು ಕಾರಟಗಿ, ಸಿಂಧನೂರಿನ ಮಿಲ್ಲಿನವರು ಕರೆಯುತ್ತಾರೆ. ಅದಕ್ಕೆ ನನ್ನ ಉತ್ತರ, ಜವಾಬ್ದಾರಿ ಕೊಟ್ಟ ತಿಂಗಳೇ ಸಂಬಳ ಏರಿಸುವುದು, ಮುಂದಿನ ದೀಪಾವಳಿಗೆ ನೋಡೋಣ ಅನ್ನದಿರುವುದು. ಆದರೂ ಕೆಲವರು ಹೋಗಿದ್ದಾರೆ, ಹೋಗಲಿ, ಚೆನ್ನಾಗಿರಲಿ.

ರಾತ್ರಿ ಪಾಳಿಗೆ ತನ್ನ ನಂತರದವನನ್ನು ಆರಿಸುವ ಕೆಲಸವನ್ನು ಈಗ ಕುಷ್ಟಗಿಯ ಹುಡುಗನಿಗೇ ಬಿಟ್ಟಿದ್ದೇನೆ. ಅವನು ಹೆಸರು ಹೇಳಿದ್ದು ಬಿಹಾರದಿಂದ ಬಂದ ಒಬ್ಬ ಹಮಾಲನದು. ಕನ್ನಡ ಇನ್ನೂ ಅರ್ಧಂಬರ್ಧ, ಆದರೆ ಬೆಲ್ಟಿನ ಸದ್ದು ಬದಲಾದರೆ ಮೊದಲು ತಲೆ ಎತ್ತುವವನು ಅವನೇ ಅಂತೆ. ಸಾವ್ಕಾರರು ಇನ್ನೂ ಹೂಂ ಅಂದಿಲ್ಲ. ಈ ವಾರ ಆ ಮಾತಿಗೆ ಕೂರುತ್ತೇವೆ, ನಾನು ಹುಡುಗನ ಆಯ್ಕೆಯ ಪರವಾಗಿಯೇ ಮಾತಾಡುತ್ತೇನೆ.