ಹ್ಯಾಪಿ, ಸ್ಯಾಡ್ ಬಂದ್ ಮಾಡಿದ ಮೇಲೆ ಮಕ್ಕಳು ಬರೆದರು

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಏಳನೇ ತರಗತಿಗೆ ಇಂಗ್ಲಿಷ್ ಕಲಿಸುತ್ತೇನೆ. ಕೇರಳದ ಇಂಗ್ಲಿಷ್ ಪಾಠಗಳಲ್ಲಿ ಡೈರಿ ಬರೆಸುವುದು ತಪ್ಪಿದ್ದಲ್ಲ. ನಮ್ಮ ಮಕ್ಕಳ ಡೈರಿ ಹೀಗಿರುತ್ತಿತ್ತು: ‘ಟುಡೇ ಐ ಆ್ಯಮ್ ವೆರಿ ವೆರಿ ಸ್ಯಾಡ್.’ ಅಲ್ಲಿಗೆ ಮುಗಿಯಿತು. ಕೆಲವರು ಅದನ್ನೇ ನಾಲ್ಕು ಸಲ ಬರೆದು ಪುಟ ತುಂಬಿಸುತ್ತಿದ್ದರು.

‘ಸ್ಪೆಲ್ಲಿಂಗೇ ಬಾರದವರಿಗೆ ಭಾವನೆ ಯಾಕೆ ಮಾರಾಯ್ರೇ, ಮೊದಲು ಗ್ರಾಮರ್ ಮುಗಿಸಿ’ ಎಂದು, ನಾನು ಮಕ್ಕಳಿಂದ ಭಾವನೆ ಬರೆಸಲು ಹೊರಟಾಗ, ಸ್ಟಾಫ್ ರೂಮಿನಲ್ಲಿ ಉಳಿದ ಟೀಚರುಗಳು ನಗುತ್ತಿದ್ದರು. ಈಗ ಅವರೇ ನನ್ನ ಮಕ್ಕಳ ನೋಟ್‌ಬುಕ್ ಕೇಳಿ ಒಯ್ಯುತ್ತಾರೆ.

ಮೊದಲು ದುಡ್ಡು ಹೋದ ಕಥೆ. ಕಾಸರಗೋಡು ಪೇಟೆಯಲ್ಲಿ ಒಂದು ಫ್ಲೆಕ್ಸ್ ಮಾಡಿಸಿದೆ. ಇಪ್ಪತ್ತು ಚಿಲ್ಲರೆ ಮುಖ, ಪ್ರತಿಯೊಂದರ ಕೆಳಗೆ ಒಂದು ಭಾವನೆಯ ಹೆಸರು. ಐನೂರೋ ಆರುನೂರೋ ಆಯಿತು. ಮಕ್ಕಳು ಅದರಿಂದ ಹೆಕ್ಕಿದ್ದು ‘ಫ್ರಸ್ಟ್ರೇಟೆಡ್’ ಒಂದನ್ನೇ. ಮಧ್ಯಾಹ್ನದ ಸಾಂಬಾರು ಕಡಿಮೆಯಾದರೂ ಫ್ರಸ್ಟ್ರೇಟೆಡ್, ಬಸ್ಸು ತಪ್ಪಿದರೂ ಫ್ರಸ್ಟ್ರೇಟೆಡ್. ಆ ಫ್ಲೆಕ್ಸ್ ಈಗ ಅಡುಗೆಕೋಣೆಯ ಸೌದೆಗೆ ಹೊದಿಕೆ.

ಕನ್ನಡದಲ್ಲಿ ಬರೆದು ಇಂಗ್ಲಿಷಿಗೆ ತಿರುಗಿಸಿ ಎಂದೂ ನೋಡಿದೆ. ನಮ್ಮಲ್ಲಿ ಮನೆಮಾತು ತುಳು, ಮಲೆಯಾಳ, ಬ್ಯಾರಿ, ಹವ್ಯಕ, ಮರಾಠಿ. ಅರ್ಧ ಮಕ್ಕಳಿಗೆ ಕನ್ನಡವೂ ಶಾಲೆಯ ಭಾಷೆಯೇ. ಎರಡು ಸಲ ದಾಟುವಷ್ಟರಲ್ಲಿ ಹೇಳಬೇಕೆಂದಿದ್ದೇ ಮರೆತುಹೋಗುತ್ತಿತ್ತು.

ಕೊನೆಗೆ ಭಾವನೆಯ ಪದಗಳನ್ನೇ ನಿಲ್ಲಿಸಿದೆ. ಹ್ಯಾಪಿ, ಸ್ಯಾಡ್, ಆಂಗ್ರಿ, ಫೀಲ್, ವೆರಿ ಎಲ್ಲ ಬಂದ್. ಕೈ, ಕಾಲು, ಹೊಟ್ಟೆ, ಕಣ್ಣು ಆಗ ಏನು ಮಾಡಿದವು, ಅಷ್ಟು ಬರೆದರೆ ಸಾಕು. ಆ ಪದಗಳು ಅವರಿಗೆ ಮೂರನೇ ತರಗತಿಯಿಂದಲೇ ಗೊತ್ತು. ಜೊತೆಗೆ ರ‍್ಯಾನ್, ಸ್ಯಾಟ್, ಸ್ಟಾಪ್ಡ್ ಎಂದು ಭೂತಕಾಲವೂ ಸುಮ್ನೆ ಬಂದುಬಿಡುತ್ತದೆ. ಆರು ವಾಕ್ಯ, ಪ್ರತಿ ವಾಕ್ಯಕ್ಕೆ ಐದಾರು ಪದ.

ಮೊದಲ ವಿಷಯ ಮಳೆ ರಜೆ. ರೆಡ್ ಅಲರ್ಟ್ ಬಂದರೆ ಕಲೆಕ್ಟರ್ ರಜೆ ಕೊಡುತ್ತಾರೆ ಎಂದು ಹೋಂವರ್ಕ್ ಬಿಟ್ಟು ಮಲಗುವುದು, ಬೆಳಿಗ್ಗೆ ನೋಡಿದರೆ ರಜೆ ಇಲ್ಲ. ಅಲ್ಲಿಯವರೆಗೆ ಖಾಲಿ ಪುಟ ಕೊಡುತ್ತಿದ್ದ ಒಬ್ಬಳು ಬರೆದದ್ದು: ‘ಐ ಸಾ ದಿ ಫೋನ್. ನೋ ಹಾಲಿಡೇ. ಐ ಸಾ ಅಗೇನ್. ಮೈ ಹ್ಯಾಂಡ್ ಡಿಡ್ ನಾಟ್ ಟೇಕ್ ದಿ ಬ್ಯಾಗ್.’ ಆ ಕೊನೆಯ ವಾಕ್ಯ ನೋಡಿ. ಅದರಲ್ಲಿ ಸ್ಯಾಡ್ ಎಲ್ಲಿದೆ? ಬೇಕೂ ಇಲ್ಲ ಅಲ್ವಾ!

ಬರೆದಾದ ಮೇಲೆ ಪಕ್ಕದವರು ಓದಿ ಯಾವ ಭಾವನೆ ಎಂದು ಊಹಿಸಬೇಕು. ಆಗ ಮಾತ್ರ ಒಂದು ಭಾವನೆಯ ಪದಕ್ಕೆ ಅನುಮತಿ. ಊಹೆ ತಪ್ಪಿದರೆ ಬರೆದವರೇ ಇನ್ನೊಂದು ವಾಕ್ಯ ಸೇರಿಸುತ್ತಾರೆ, ನಾನು ಹೇಳಬೇಕಾಗಿಲ್ಲ. ಯಾರ ಪಕ್ಕ ಯಾರನ್ನು ಕೂರಿಸುತ್ತೇನೆ ಎನ್ನುವುದರಲ್ಲಿ ಒಂದು ಗುಟ್ಟಿದೆ, ಅದು ಇಲ್ಲಿ ಬೇಡ. ತಿದ್ದುವುದು ಕ್ರಿಯಾಪದ ಮಾತ್ರ, ಅದೂ ಪೆನ್ಸಿಲಿನಲ್ಲಿ. ಯಾರೂ ಓದಬಾರದೆಂದು ಮಕ್ಕಳು ಮಡಚಿಟ್ಟ ಪುಟವನ್ನು ನಾನೂ ಓದುವುದಿಲ್ಲ, ಪಕ್ಕದವರೂ ಓದುವಂತಿಲ್ಲ. ಮಡಚಿದ ಪುಟಗಳೇ ಜಾಸ್ತಿ ಇರುತ್ತವೆ, ಪುಸ್ತಕ ದಪ್ಪವಾಗುವುದರಿಂದ ಗೊತ್ತಾಗುತ್ತದೆ.

ನಡುವೆ ಒಂದು ಹುಚ್ಚು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಪಕ್ಕದಲ್ಲೇ ಇರುವಾಗ ಯಕ್ಷಗಾನ ಬಿಡುವುದುಂಟೇ? ನವರಸ ಅಭಿನಯಿಸಿ ಬರೆಯಿರಿ ಎಂದೆ. ಅಭಿನಯ ಭರ್ಜರಿ. ಬರೆದದ್ದು ಎಲ್ಲರೂ ಒಂದೇ: ‘ಐ ವಿಲ್ ಕಿಲ್ ಯೂ.’ ಶಾಂತ ರಸಕ್ಕೂ ಅದೇ. ಪಕ್ಕದ ತರಗತಿಯಿಂದ ದೂರು ಬಂತು, ನಿಲ್ಲಿಸಿದೆ.

ಖರ್ಚು ಅಂದರೆ ಸಣ್ಣ ನೋಟ್‌ಬುಕ್, ತಲೆಗೆ ಇಪ್ಪತ್ತು ರೂಪಾಯಿ ಆಸುಪಾಸು. ಮೂವತ್ತು ಚಿಲ್ಲರೆ ಮಕ್ಕಳು, ಒಟ್ಟು ಏಳುನೂರರ ಹತ್ತಿರ ನನ್ನ ಕೈಯಿಂದ. ಫ್ಲೆಕ್ಸಿಗಿಂತ ಸ್ವಲ್ಪ ಜಾಸ್ತಿ, ಆದರೆ ಇದು ವರ್ಷವಿಡೀ ಬಾಳುತ್ತದೆ.

ಓಣಂ ಪರೀಕ್ಷೆಯಲ್ಲಿ, ಅಂದರೆ ವರ್ಷದ ಮೊದಲ ಅವಧಿಯ ಪರೀಕ್ಷೆಯಲ್ಲಿ, ಡೈರಿ ಪ್ರಶ್ನೆಯನ್ನು ಮೊದಲು ಅರ್ಧದಷ್ಟು ಮಕ್ಕಳು ಬಿಡುತ್ತಿದ್ದರು. ಈ ಸಲ ಬಿಟ್ಟವರು ಮೂರೋ ನಾಲ್ಕೋ ಮಂದಿ. ಈಗ ಐದನೇ ತರಗತಿಗೂ ಶುರು ಮಾಡಿದ್ದೇನೆ. ಅಲ್ಲಿ ಮೂರೇ ವಾಕ್ಯ, ಸ್ಪೆಲ್ಲಿಂಗ್ ಬಾರದಿದ್ದರೆ ಚಿತ್ರ.