ದೋಸ್ತಿಯ ಹಳೆ ವಾಲ್ಥರ್ ಪಿಸ್ತೂಲ್: ತಗೊಳ್ಳುವುದಾ ಬೇಡ್ವಾ ಅಂತ ನಾನು ನೋಡಿದ ರೀತಿ

ಹಳೆ ಫಾರಿನ್ ಪಿಸ್ತೂಲ್ ಒಂದು ಕೊಡ್ಲಿಕ್ಕುಂಟು ಅಂದ್ರೆ ಎಲ್ಲರೂ ಮೊದಲು ಕೇಳುವುದು ರೇಟ್ ಎಷ್ಟು ಅಂತ. ನನ್ನ ಪ್ರಕಾರ ರೇಟ್ ಕೊನೆಗೆ ಬರುವ ವಿಷಯ. 2019ರಲ್ಲಿ ಆರ್ಮ್ಸ್ ಆಕ್ಟ್ ತಿದ್ದುಪಡಿ ಆದ ಮೇಲೆ ಒಬ್ಬನಿಗೆ ಎರಡೇ ಕೋವಿ, ಮೊದಲು ಮೂರು ಇಟ್ಕೊಳ್ಳಬಹುದಿತ್ತು. ನನ್ನ ಹತ್ರ ಅಪ್ಪನ ಡಬಲ್ ಬ್ಯಾರೆಲ್ ಉಂಟು, ಬಂಟ್ವಾಳ ಬದಿಯ ಅಡಿಕೆ ತೋಟಕ್ಕೆ ಅಂತ ಮಾಡಿಸಿದ್ದು, ಅದನ್ನು ನಾನು ಯಾರಿಗೂ ಕೊಡುವವನಲ್ಲ. ಉಳಿದದ್ದು ಒಂದೇ ಜಾಗ. ಅದಕ್ಕೆ ಹ್ಯಾಂಡ್‌ಗನ್ ಸೇರಿಸ್ಲಿಕ್ಕೆ ಪರ್ಮಿಶನ್ ಸಿಗುವಷ್ಟರಲ್ಲಿ ಸಾಕುಬೇಕಾಗಿತ್ತು, ಪೊಲೀಸ್ ವೆರಿಫಿಕೇಶನ್, ಮೆಡಿಕಲ್ ಸರ್ಟಿಫಿಕೇಟ್, ಸೇಫ್ಟಿ ಟ್ರೈನಿಂಗ್ ಸರ್ಟಿಫಿಕೇಟ್, ಮನೆಯಲ್ಲಿ ಬೀಗ ಹಾಕಿ ಇಡುವ ವ್ಯವಸ್ಥೆ ಉಂಟು ಅಂತ ಬರೆದುಕೊಡುವುದು ಎಲ್ಲ. ದುಡ್ಡು ಹೋದ್ರೆ ಮತ್ತೆ ದುಡೀಬಹುದು, ಈ ಜಾಗ ಒಂದ್ಸಲ ತುಂಬಿದ್ರೆ ಆಯ್ತು, ಆ ಲೆಕ್ಕ ಇಟ್ಕೊಂಡೇ ನಾನು ನೋಡ್ಲಿಕ್ಕೆ ಹೋದದ್ದು.

ದೋಸ್ತಿ ಇರುವುದು ಉಡುಪಿ ಅಂಬಲಪಾಡಿಯಲ್ಲಿ. ಅವನ ಅಪ್ಪ ಚಿಕ್ಕಮಗಳೂರು ಕಡೆಯ ಒಬ್ಬರು ಕಾಫಿ ತೋಟದವರಿಂದ ತಗೊಂಡ ವಾಲ್ಥರ್ ಪಿಪಿ, ಜರ್ಮನಿಯ ವಾಲ್ಥರ್ ಕಂಪನಿಯ ಪಿಸ್ತೂಲ್, .32 ಬೋರ್. ಅಪ್ಪ ತೀರಿದ ಮೇಲೆ ವಾರಸುದಾರ ಅಂತ ಇವನ ಹೆಸರಿಗೆ ಲೈಸೆನ್ಸ್ ಆಗಿದೆ. ಈಗ ಬೆಂಗಳೂರಿಗೆ ಮಗನ ಫ್ಲಾಟಿಗೆ ಹೋಗ್ತಾನೆ, ಅಲ್ಲಿ ಮೊಮ್ಮಕ್ಕಳಿರುವ ಮನೆಯಲ್ಲಿ ಇದು ಬೇಡ ಅಂತ ಅವನ ಯೋಚನೆ, ಅದು ಸರಿಯೇ. "ಹೊರಗಿನವರಿಗೆ ಆದ್ರೆ ನಾಲ್ಕು ಲಕ್ಷ, ನಿನಗೆ ಮೂರೂವರೆ" ಅಂದ. ಈ ರೇಟ್ ಕೇಳಿ ಹೊಸಬರಿಗೆ ತಲೆ ತಿರುಗಬಹುದು, ಆದ್ರೆ ಕಾರಣ ಉಂಟು. ಎಂಬತ್ತರ ದಶಕದಿಂದ ಮಾಮೂಲಿ ಜನ ಹೊರದೇಶದಿಂದ ಕೋವಿ ತರಿಸುವ ದಾರಿ ಮುಚ್ಚಿದೆ, ಹೆಸರು ಮಾಡಿದ ಶೂಟರ್‌ಗಳಿಗೆ ಮಾತ್ರ ಉಂಟು. ದೇಶದ ಒಳಗೆ ಇರುವ ಹಳೆ ಇಂಪೋರ್ಟೆಡ್ ಪೀಸುಗಳೇ ಕೈಯಿಂದ ಕೈಗೆ ಹೋಗ್ತಾ ಇರ್ತವೆ. ಜರ್ಮನಿಯಲ್ಲಿ ಒಂದು ಒಳ್ಳೆ ಮೊಬೈಲಿನ ರೇಟಿಗೆ ಸಿಗುವುದು ಇಲ್ಲಿ ಕಾರಿನ ರೇಟಿಗೆ ಹೋಗ್ತದೆ.

ಪಿಪಿ ಬಗ್ಗೆ ನನಗೆ ಮೊದಲಿಂದಲೂ ಗೌರವ. 1929ರಲ್ಲಿ ಬಂದ ಡಿಸೈನ್, ಒಳಗೆ ಗುಂಡು ಇದ್ದು ಹ್ಯಾಮರ್, ಅಂದ್ರೆ ಹಿಂದೆ ಬಡಿಯುವ ಸುತ್ತಿಗೆ, ಕೆಳಗೆ ಇದ್ದಾಗಲೂ ಬರೀ ಟ್ರಿಗರ್ ಎಳೆದ್ರೆ ಈಡು ಹೋಗ್ತದೆ, ಎರಡನೇದರಿಂದ ಟ್ರಿಗರ್ ಹಗುರ. ಇವತ್ತು ನಾವು ಸಾಧಾರಣ ಅಂತ ನೋಡುವ ಈ ಡಬಲ್ ಆಕ್ಷನ್ ಕ್ರಮ ಆಟೋಮ್ಯಾಟಿಕ್ ಪಿಸ್ತೂಲುಗಳಲ್ಲಿ ಗಟ್ಟಿಯಾಗಿ ಊರಿದ್ದು ಇದರಿಂದಲೇ. ಬ್ಯಾರೆಲ್ ಫ್ರೇಮಿಗೆ, ಅಂದ್ರೆ ಕೆಳಗಿನ ಚೌಕಟ್ಟಿಗೆ ಫಿಕ್ಸ್, ಅಲ್ಲಾಡುವುದಿಲ್ಲ, ಸ್ಪ್ರಿಂಗ್ ಬ್ಯಾರೆಲ್ ಸುತ್ತವೇ ಕೂತಿದೆ. ನಾನು ಬೈಕಂಪಾಡಿಯಲ್ಲಿ ಲೇತ್ ವರ್ಕ್‌ಶಾಪ್ ನಡೆಸುವವ, ಕಬ್ಬಿಣದ ಕೆಲಸ ಒಳ್ಳೇದಾ ಕೆಟ್ಟದ್ದಾ ಅಂತ ಕೈಗೆ ತಗೊಂಡ ಕೂಡ್ಲೆ ಗೊತ್ತಾಗ್ತದೆ, ಇದರ ಸ್ಲೈಡ್, ಅಂದ್ರೆ ಮೇಲೆ ಹಿಂದೆಮುಂದೆ ಜಾರುವ ಭಾಗ, ಎಳೆದಾಗ ಎಲ್ಲಿಯೂ ಗರಗರ ಇಲ್ಲ, ಅಷ್ಟು ನೀಟು.

ನೋಡಿದ್ದು ಅವನ ಮನೆಯ ಚಾವಡಿಯಲ್ಲೇ, ಅವನ ಎದುರಿಗೇ. ಲೈಸೆನ್ಸ್ ಇರುವವ ಪಕ್ಕದಲ್ಲಿ ಇಲ್ಲದೆ ಅವನ ಪಿಸ್ತೂಲನ್ನು ನಾನು ಮುಟ್ಟುವುದೂ ಇಲ್ಲ, "ತಗೊಂಡು ಹೋಗಿ ಆರಾಮಲ್ಲಿ ನೋಡು" ಅಂದ್ರೆ ಒಪ್ಪುವುದೂ ಇಲ್ಲ. "ಹಿಂದಿನ ತೋಟದಲ್ಲಿ ಒಂದು ಈಡು ಹೊಡ್ದು ನೋಡುವನಾ?" ಅಂತ ಕೇಳಿದ, ಅದನ್ನೂ ಬೇಡ ಅಂದೆ.

ಮೊದಲು ಪೇಪರ್. ಲೈಸೆನ್ಸ್ ಪುಸ್ತಕದ ನಂಬರ್, ಲೈಸೆನ್ಸ್‌ದಾರನಿಗೆ ಸರ್ಕಾರ ಕೊಡುವ ಯುಐಎನ್ ಗುರುತಿನ ನಂಬರ್, ಸ್ಲೈಡ್ ಮೇಲಿನ ಕ್ಯಾಲಿಬರ್ ಅಂದ್ರೆ ಬೋರಿನ ಅಳತೆ, ಫ್ರೇಮಿನ ನಂಬರ್, ಇದನ್ನೆಲ್ಲ ಟಾರ್ಚ್ ಹಿಡ್ಕೊಂಡು ಒಂದೊಂದು ಅಂಕಿ ಓದಿ ಹೋಲಿಸಿದೆ. ಹಳೆ ಪುಸ್ತಕಗಳಲ್ಲಿ ಎಲ್ಲ ಕೈಬರಹ, 1 ಯಾವುದು 7 ಯಾವುದು ಅಂತ ಗೊತ್ತಾಗುವುದಿಲ್ಲ, ಅಲ್ಲಿ ಒಂದು ಅಂಕಿ ಹೆಚ್ಚುಕಮ್ಮಿ ಆದ್ರೆ ವರ್ಗಾವಣೆ ಅಲ್ಲಿಗೇ ನಿಲ್ತದೆ. ಕ್ಯಾಲಿಬರ್ ಕೂಡ ಕಣ್ಣಾರೆ ನೋಡ್ಬೇಕು, ಯಾಕಂದ್ರೆ ಪಿಪಿ .22ರಲ್ಲಿಯೂ ಬಂದಿದೆ, 9 ಎಂಎಂ ಶಾರ್ಟಲ್ಲಿಯೂ ಬಂದಿದೆ. ಇವನದ್ದರಲ್ಲಿ 7.65 ಎಂಎಂ ಅಂತ ಸ್ಪಷ್ಟ ಉಂಟು, ಅದುವೇ ನಮ್ಮ ಲೆಕ್ಕದ .32. ಇಲ್ಲಿ ಮತ್ತೊಂದು ವಿಷಯ, ನಮ್ಮ ಆರ್ಡ್ನೆನ್ಸ್ ಫ್ಯಾಕ್ಟರಿಯ .32 ರಿವಾಲ್ವರ್ ಮತ್ತು .32 ಪಿಸ್ತೂಲ್ ಎರಡಕ್ಕೂ ಹೇಳುವಾಗ .32 ಅಂತಲೇ ಹೇಳ್ತಾರೆ, ಆದ್ರೆ ತೋಟೆ ಬೇರೆ ಬೇರೆ, ರಿವಾಲ್ವರಿನದ್ದು ಉದ್ದ, ಇದಕ್ಕೆ ಕೂರುವುದೇ ಇಲ್ಲ. ಪಿಸ್ತೂಲಿನ ತೋಟೆ ಖಡ್ಕಿ ಫ್ಯಾಕ್ಟರಿಯದ್ದು, ತೋಟೆಯ ಬುಡದಲ್ಲಿ ಕೆಎಫ್ ಅಂತ ಗುರುತು ಇರ್ತದೆ, ಅದು ಸಿಗ್ತದೆ. ತೋಟೆ ಸಿಗದ ಕ್ಲಾಸಿಕ್ ಎಷ್ಟು ಚಂದ ಇದ್ರೂ ಶೋಕೇಸಿಗೆ ಮಾತ್ರ.

ಸ್ಲೈಡ್ ಮೇಲೆ ಉಲ್ಮ್ ಅಂತ ಉಂಟು, ಅದು ಜರ್ಮನಿಯ ಊರು. ಜಿಂಕೆ ಕೊಂಬಿನ ಪ್ರೂಫ್ ಗುರುತು, ಅಂದ್ರೆ ಪರೀಕ್ಷೆ ಮಾಡಿ ಒತ್ತುವ ಮುದ್ರೆ, ಪಕ್ಕದಲ್ಲಿ 69. ಅಂದ್ರೆ 1969ರಲ್ಲಿ ಉಲ್ಮಿನ ಪ್ರೂಫ್ ಹೌಸಲ್ಲಿ ಪಾಸ್ ಆದದ್ದು. ಯುದ್ಧ ಆದ ಮೇಲೆ ವಾಲ್ಥರ್‌ನವರಿಗೆ ಸ್ವಲ್ಪ ಕಾಲ ಪಿಸ್ತೂಲ್ ಮಾಡ್ಲಿಕ್ಕೆ ಆಗದೆ 1952ರಿಂದ ಫ್ರಾನ್ಸಿನ ಮಾನುರಿನ್ ಕಂಪನಿಯವರು ಲೈಸೆನ್ಸ್ ಮೇಲೆ ಪಿಪಿ ಮಾಡಿದ್ರು, ಆಮೇಲೆ ಉಲ್ಮ್ ಹೆಸರಲ್ಲಿ ಬಂದವುಗಳ ಭಾಗಗಳೂ ಬಹಳಷ್ಟು ಅಲ್ಲಿಯವೇ. ಅದಕ್ಕೇ ಮಾನುರಿನ್ ಅಂತ ಬರೆದಿದ್ರೆ ಡೂಪ್ಲಿಕೇಟ್ ಅಂತ ಮೂಗು ಮುರಿಯುವುದು ಸರಿಯಲ್ಲ, ಕೆಲಸದಲ್ಲಿ ಏನೂ ಕಮ್ಮಿ ಇಲ್ಲ, ರೇಟಲ್ಲಿ ಸ್ವಲ್ಪ ಇಳೀತದೆ, ಬಳಸುವವನಿಗೆ ಅದು ಲಾಭವೇ.

ಮತ್ತೆ ತುಕ್ಕು. ನಮ್ಮ ಕರಾವಳಿಯಲ್ಲಿ ಇದನ್ನು ನೋಡದೆ ಏನೂ ತಗೊಳ್ಳಬಾರ್ದು. ಮಳೆಗಾಲ, ಉಪ್ಪು ಗಾಳಿ, ಮೇಲಿಂದ ಜನ ಪಿಸ್ತೂಲನ್ನು ಚರ್ಮದ ಹೋಲ್‌ಸ್ಟರಲ್ಲೇ ವರ್ಷಗಟ್ಲೆ ಇಡ್ತಾರೆ, ಚರ್ಮ ನೀರು ಹೀರಿ ಕಬ್ಬಿಣಕ್ಕೆ ಒರಸ್ತಾ ಇರ್ತದೆ. ಎಲೆಕ್ಷನ್ ಬಂದಾಗ ಕೋವಿಗಳನ್ನು ಪೊಲೀಸರ ಹತ್ರವೋ ಡೀಲರ್ ಹತ್ರವೋ ಠೇವಣಿ ಇಡುವುದು ಬೇರೆ, ತಿಂಗಳುಗಟ್ಟಲೆ ಯಾರೂ ಎಣ್ಣೆ ಹಾಕುವವರಿಲ್ಲ. ಮೇಲಿಂದ ಹೊಳೆಯುವುದನ್ನು ನಂಬಬೇಡಿ. ಹಿಡಿಯ ಎರಡು ಪ್ಲೇಟ್ ಒಂದೇ ಸ್ಕ್ರೂನಲ್ಲಿ ಕೂತಿರ್ತದೆ, ಅದನ್ನು ಬಿಚ್ಚಿಸಿ ಅಡಿಯ ಲೋಹ ನೋಡ್ಬೇಕು. ಇದರಲ್ಲಿ ಎಡಬದಿಯಲ್ಲಿ ಕಡ್ಲೆಬೇಳೆಯಷ್ಟು ಜಾಗದಲ್ಲಿ ಹಳೆ ಕಲೆ, ಗುಂಡಿ ಬಿದ್ದಿರ್ಲಿಲ್ಲ. ರೀಬ್ಲೂ ಮಾಡಿದ್ದಾ, ಅಂದ್ರೆ ಮೇಲಿನ ಕಪ್ಪುನೀಲಿ ಬಣ್ಣ ಹೊಸತಾಗಿ ಕೊಟ್ಟದ್ದಾ ಅಂತ ತಿಳೀಲಿಕ್ಕೆ ಅಕ್ಷರಗಳ ಅಂಚು ನೋಡಿದೆ, ಪಾಲಿಶ್ ಹೊಡೆದಿದ್ರೆ ಅಕ್ಷರ ಮಂಕಾಗಿ ತೂತುಗಳ ಬಾಯಿ ಅಗಲ ಆಗಿರ್ತದೆ. ಇಲ್ಲಿ ಅಕ್ಷರ ಉಗುರಿಗೆ ತಾಗುವಷ್ಟು ಚೂಪು, ಒರಿಜಿನಲ್ ಫಿನಿಶೇ.

ಬ್ಯಾರೆಲ್ ನೋಡ್ಲಿಕ್ಕೆ ಟ್ರಿಗರ್ ಗಾರ್ಡ್ ಕೆಳಗೆ ಎಳೆದು ಸ್ಲೈಡ್ ಹಿಂದೆ ತಂದು ಎತ್ತಿ ಮುಂದಕ್ಕೆ ಬಿಚ್ಚಿದೆ, ಹಿಂದೆ ಬಿಳಿ ಕಾಗದ ಇಟ್ಟು ಟಾರ್ಚ್ ಬಿಟ್ಟೆ. ಗುಂಡನ್ನು ತಿರುಗಿಸುವ ಒಳಗಿನ ಗೆರೆಗಳು ಕೊನೆವರೆಗೂ ಚೂಪು. ಒಳಗೆ ಎಲ್ಲಿಯಾದ್ರೂ ಕಪ್ಪು ಬಳೆಯ ಹಾಗೆ ಒಂದು ಸುತ್ತು ಕಂಡ್ರೆ ಎದ್ದು ಬರಬೇಕು, ಯಾವತ್ತೋ ಗುಂಡು ಒಳಗೆ ಸಿಕ್ಕಿಕೊಂಡದ್ದು ಗೊತ್ತಿಲ್ಲದೆ ಹಿಂದಿಂದ ಮತ್ತೊಂದು ಹೊಡೆದಾಗ ಬ್ಯಾರೆಲ್ ಉಬ್ಬಿದ ಗುರುತು ಅದು. ಇದರಲ್ಲಿ ಅಂಥದ್ದು ಇಲ್ಲ. ತೋಟೆ ತುಂಬುವ ಮ್ಯಾಗಜಿನ್ ಎರಡು ಉಂಟು, ಒಂದು ಒರಿಜಿನಲ್, ಇನ್ನೊಂದು ಯಾರೋ ಮಾಡಿದ್ದು, ಅದರಲ್ಲಿ ತೋಟೆಯನ್ನು ಹಿಡಿಯುವ ಮೇಲಿನ ತುಟಿ ಒಂದು ಬದಿ ಅಗಲ. ಅಲ್ಲಿವರೆಗೆ ನನ್ನ ಮನಸ್ಸು ಮುಕ್ಕಾಲು ಭಾಗ ತಗೊಳ್ಳುವ ಕಡೆಗೇ ಇತ್ತು ಅಂತ ಹೇಳ್ಬೇಕು.

ಇನ್ನು ಸೇಫ್ಟಿ. ಪಿಪಿಯಲ್ಲಿ ಸ್ಲೈಡ್ ಮೇಲಿನ ಲಿವರ್ ಕೆಳಗೆ ಒತ್ತಿದ್ರೆ ಎರಡು ಕೆಲಸ ಆಗ್ತದೆ, ಮೊದಲು ತೋಟೆಯ ಬುಡಕ್ಕೆ ಚುಚ್ಚುವ ಫೈರಿಂಗ್ ಪಿನ್ನನ್ನು ಒಂದು ಉರುಟು ಡ್ರಮ್ ತಡೆದು ಹಿಡೀತದೆ, ಮತ್ತೆ ಹ್ಯಾಮರ್ ಬೀಳ್ತದೆ. ಹ್ಯಾಮರ್ ಬೀಳುವುದು ಡ್ರಮ್ ಮೇಲೆ, ಪಿನ್ ಮೇಲೆ ಅಲ್ಲ. ಈ ಕ್ರಮ ಒಂದು ಕೂದಲೆಳೆಯಷ್ಟು ತಪ್ಪಿದ್ರೂ, ಒಳಗೆ ಗುಂಡು ಇಟ್ಟು ಸೇಫ್ ಮಾಡ್ಲಿಕ್ಕೆ ಹೋದವನೇ ಈಡು ಹಾರಿಸಿದ ಹಾಗೆ ಆಗ್ತದೆ. ಇದನ್ನು ನೋಡ್ಲಿಕ್ಕೆ ಬಹಳ ಜನ ಖಾಲಿ ಬ್ಯಾರೆಲ್ ಒಳಗೆ ಪೆನ್ಸಿಲ್ ಹಾಕ್ತಾರೆ, ಪಿನ್ ಬಡಿದ್ರೆ ಅದು ಹಾರ್ತದೆ, ಆದ್ರೆ ಈ ಬೋರಿಗೆ ಆರು ಮೂಲೆಯ ಪೆನ್ಸಿಲ್ ಉಜ್ಜಿಕೊಂಡು ನಿಲ್ತದೆ, ಹಾಗಾಗಿ ನಾನು ವರ್ಕ್‌ಶಾಪಲ್ಲಿ ನೈಲಾನಿನ 6 ಎಂಎಂ ಕಡ್ಡಿ ತಿರುಗಿಸಿ ತಂದಿದ್ದೆ. ಮ್ಯಾಗಜಿನ್ ತೆಗೆದು, ತೋಟೆ ಕೂರುವ ಚೇಂಬರಿಗೆ ಕಿರುಬೆರಳು ಹಾಕಿ ಖಾಲಿ ಅಂತ ನಾನೂ ನೋಡಿ ಅವನಿಗೂ ತೋರಿಸಿ, ಬಾಯಿ ಮೇಲೆ ಮಾಡಿ ಕಡ್ಡಿ ಇಳಿಸಿದೆ. ಟ್ರಿಗರ್ ಎಳೆದಾಗ ಕಡ್ಡಿ ಚಂಗನೆ ಹಾರಿತು, ಪಿನ್ ಜೋರುಂಟು. ಪುನಃ ಹ್ಯಾಮರ್ ಎಳೆದು ಈ ಸಲ ಸೇಫ್ಟಿ ಒತ್ತಿದೆ. ಟಕ್ ಅಂತ ಹ್ಯಾಮರ್ ಬಿತ್ತು, ಕಡ್ಡಿ ಒಂದು ಬೆರಳಷ್ಟು ಎದ್ದು ಕೂತಿತು.

"ಹ್ಯಾಮರ್ ಬಿದ್ದ ಪೆಟ್ಟಿಗೆ ಅಲ್ಲಾಡಿದ್ದು ಮಾರಾಯ" ಅಂದ ಅವ. ಇರಬಹುದು, ಅದೂ ಆಗ್ತದೆ. ಹಾಗಾಗಿ ಕಡ್ಡಿಯ ತುದಿಗೆ ಮೇಣದಬತ್ತಿಯ ಮೇಣ ಹಚ್ಚಿ ನುಣ್ಣಗೆ ಮಾಡಿ ಪುನಃ ಇಳಿಸಿದೆ. ಬರೀ ಪೆಟ್ಟಿಗೆ ಅಲ್ಲಾಡಿದ್ರೆ ಮೇಣದಲ್ಲಿ ಏನೂ ಕಾಣ್ಬಾರ್ದು, ಪಿನ್ ಮುಂದೆ ಬಂದಿದ್ರೆ ಚುಕ್ಕಿ ಬೀಳ್ಬೇಕು. ಕೆಲವು ಸಲ ಮೇಣ ಹಾಗೇ ಉಳಿಯಿತು. ಕೆಲವು ಸಲ ನಡುವಲ್ಲಿ ಸೂಜಿಮೊನೆಯಷ್ಟು ಒಂದು ಚುಕ್ಕಿ. ಲಿವರನ್ನು ನಿಧಾನ ಒತ್ತಿದಾಗಲೇ ಚುಕ್ಕಿ ಬೀಳುವುದು ಅಂತಲೂ ಗೊತ್ತಾಯ್ತು, ಅಂದ್ರೆ ಡ್ರಮ್ ಪೂರಾ ತಿರುಗುವ ಮೊದಲೇ ಹ್ಯಾಮರ್ ಬಿಡ್ತಾ ಉಂಟು, ಎಲ್ಲಿಯೋ ಅಂಚು ಸವೆದಿದೆ.

ಯಾವಾಗಲೂ ಆಗುವ ದೋಷಕ್ಕಿಂತ ಒಮ್ಮೊಮ್ಮೆ ಆಗುವ ದೋಷವೇ ಹೆಚ್ಚು ಅಪಾಯ, ಯಾಕಂದ್ರೆ ಅದನ್ನು ಯಾರೂ ನಂಬುವುದಿಲ್ಲ. ಅವನೂ ನಂಬಲಿಲ್ಲ. "ಅಪ್ಪ ಅಷ್ಟು ವರ್ಷ ಹಾಗೇ ಮಾಡಿದ್ದಾರೆ, ಏನೂ ಆಗ್ಲಿಲ್ಲ. ನೀನು ರೇಟ್ ಇಳಿಸ್ಲಿಕ್ಕೆ ಹೇಳುವುದಾ?"

"ಅಲ್ಲ ಮಾರಾಯ. ಫ್ರೀ ಕೊಟ್ಟರೂ ಈಗ ಬೇಡ. ಮೇಣ ನೀನೇ ನೋಡು, ನೀನೇ ಒತ್ತು."

ಅವನೇ ಒತ್ತಿ ನೋಡಿದ. ಚುಕ್ಕಿ ನೋಡಿದ ಮೇಲೆ ಸುಮ್ಮನಾದ.

ಆ ಡ್ರಮ್ ನನ್ನ ಲೇತಲ್ಲಿ ಮಾಡ್ಲಿಕ್ಕೆ ಆಗದ್ದಲ್ಲ. ಅವನೂ ಅದನ್ನೇ ಹೇಳಿದ, ನಿನ್ನ ಹತ್ರ ಮಿಶಿನ್ ಎಲ್ಲ ಉಂಟಲ್ಲ ಅಂತ. ಆದ್ರೆ ಕೋವಿ ರಿಪೇರಿಗೂ ಭಾಗ ಮಾಡ್ಲಿಕ್ಕೂ ಕಾನೂನಲ್ಲಿ ಬೇರೆಯೇ ಲೈಸೆನ್ಸ್ ಬೇಕು, ಕೋವಿ ಇಟ್ಕೊಳ್ಳುವ ಲೈಸೆನ್ಸ್ ಅದಕ್ಕೆ ಆಗುವುದಿಲ್ಲ. ಮಿಶಿನ್ ಇದ್ದವರು ಇದಕ್ಕೆ ಕೈ ಹಾಕ್ಲೇಬಾರ್ದು, ಎಷ್ಟು ಸಣ್ಣ ಕೆಲಸ ಅಂತ ಕಂಡ್ರೂ. ಲೈಸೆನ್ಸ್ ಇರುವ ಡೀಲರ್ ಹತ್ರ ಅವನೇ ತಗೊಂಡು ಹೋದ, ಅವರ ಗನ್‌ಸ್ಮಿತ್ ನೋಡಿ ಸವೆದದ್ದು ಹೌದು ಅಂತ ಒಪ್ಪಿದ್ರು, ಒರಿಜಿನಲ್ ಡ್ರಮ್ ಸಿಗುವುದು ಕಷ್ಟ, ವೆಲ್ಡಿಂಗ್ ತುಂಬಿಸಿ ಅರದಿಂದ ಉಜ್ಜಿ ಕೊಡಬಹುದು ಅಂದ್ರಂತೆ. ಅದಕ್ಕೆ ನಾನು ಒಪ್ಪಲಿಲ್ಲ. ಹದ ಕೊಟ್ಟ ಉಕ್ಕಿಗೆ ವೆಲ್ಡಿಂಗ್ ಬಿಸಿ ತಾಗಿದ್ರೆ ಆ ಜಾಗದ ಹದ ಹೋಗ್ತದೆ, ಕೆಲವು ಕಡೆ ಮೆತ್ತಗೆ ಕೆಲವು ಕಡೆ ಗಾಜಿನಷ್ಟು ಗಡುಸು, ಹ್ಯಾಮರ್ ಬಡಿಯುವುದು ಸರಿಯಾಗಿ ಅದೇ ಜಾಗಕ್ಕೆ. ದಿನಾ ಇದೇ ಕೆಲಸ ಮಾಡುವವ ನಾನು, ನನಗೆ ಇದರಲ್ಲಿ ಸಂಶಯ ಇಲ್ಲ.

ದೋಷ ಗೊತ್ತಿದ್ದೂ ತಗೊಂಡು, ಸೇಫ್ಟಿ ಮುಟ್ಟದೆ ಖಾಲಿ ಇಟ್ಕೊಳ್ಳಬಹುದಲ್ಲ ಅಂತ ಬೇರೆ ಒಬ್ಬರು ಹೇಳಿದ್ರು. ಇಟ್ಕೊಳ್ಳಬಹುದು. ಆದ್ರೆ ನನಗಿರುವುದು ಒಂದೇ ಜಾಗ, ಮತ್ತೆ ನನ್ನ ನಂತರ ಅದು ಮಗಳ ಕೈಗೆ ಹೋಗ್ತದೆ, ಅವಳಿಗೆ ಈ ಮೇಣದ ಕಥೆ ನೆನಪಿರ್ತದೆ ಅಂತ ನಾನು ಹೇಗೆ ನಂಬುವುದು.

ದೋಸ್ತಿಗೆ ಎರಡು ದಿವಸ ಬೇಜಾರಿತ್ತು, ಮತ್ತೆ ಅವನೇ ಫೋನ್ ಮಾಡಿದ. ನಾನು ನೋಡಿದ್ದೆಲ್ಲ ಒಂದು ಹಾಳೆಯಲ್ಲಿ ಬರೆದುಕೊಟ್ಟೆ, ಬ್ಯಾರೆಲ್ ಹೇಗುಂಟು, ಯಾವ ಮ್ಯಾಗಜಿನ್ ಸರಿಯಿಲ್ಲ, ಸೇಫ್ಟಿಯಲ್ಲಿ ಎಂತ ತೊಂದರೆ, ತಗೊಳ್ಳುವವರಿಗೆ ಅದನ್ನೇ ತೋರಿಸು ಅಂದೆ. ಒಬ್ಬ ಖಾಸಗಿ ವ್ಯಕ್ತಿ ಇನ್ನೊಬ್ಬರಿಗೆ ಕೊಡುವುದಾದ್ರೆ ತಗೊಳ್ಳುವವರ ಹೆಸರು ವಿಳಾಸ ಬರೆದು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಪೊಲೀಸ್ ಸ್ಟೇಷನ್ನಿಗೆ ಮೊದಲೇ ತಿಳಿಸಿ 45 ದಿನ ಕಾಯ್ಬೇಕು. ಅಷ್ಟೆಲ್ಲ ತಲೆಬಿಸಿ ಬೇಡ ಅಂತ ಅವ ಡೀಲರ್ ಹತ್ರವೇ ಮಾರಾಟಕ್ಕೆ ಇಟ್ಟಿದ್ದಾನೆ, ಹಾಳೆಯೂ ಜೊತೆಗೆ ಉಂಟು. ಉಲ್ಮಿನ ಒರಿಜಿನಲ್ ಡ್ರಮ್ ಎಲ್ಲಿಯಾದ್ರೂ ಸಿಕ್ಕಿ ಅವರೇ ಹಾಕಿಕೊಟ್ರೆ ನಾನು ಕಡ್ಡಿ ಮತ್ತು ಮೇಣ ತಗೊಂಡು ಇನ್ನೊಮ್ಮೆ ಹೋಗ್ತೇನೆ ಅಂತ ಹೇಳಿದ್ದೇನೆ, ಆಗ ಚುಕ್ಕಿ ಬೀಳದಿದ್ರೆ ಮೂರೂವರೆಗೆ ಒಂದು ರೂಪಾಯಿ ಕಮ್ಮಿ ಕೇಳುವುದಿಲ್ಲ.