ಎಲೆಕೋಸಿನ ಹುಳ ಎಣಿಸುವುದು ಹೇಗೆ?

ಕೋಸಿನ ಎಲೆಯಲ್ಲಿ ತೂತು ಕಂಡ ಕೂಡಲೇ ಔಷಧಿ ಅಂಗಡಿಗೆ ಓಡುವವರೇ ಜಾಸ್ತಿ. ಆ ತೂತು ಹೋದ ವಾರದ್ದಿರಬಹುದು, ಹುಳ ಆಗಲೇ ಗೂಡು ಸೇರಿರಬಹುದು. ಯಾವ ಹುಳ ಏರುತ್ತಿದೆ, ಯಾವುದು ಇಳಿಯುತ್ತಿದೆ ಅಂತ ತಿಳಿಯಬೇಕಾದರೆ ವಾರಕ್ಕೊಮ್ಮೆ ಎಣಿಸಲೇಬೇಕು.

ನಾಟಿಯಾದ ಮರುವಾರವೇ ಶುರು ಮಾಡಿ. ನೋಟ್‌ಬುಕ್ಕು, ಪೆನ್ಸಿಲ್ಲು ಸಾಕು. ಬದುವಿನ ಪಕ್ಕದ ಸಾಲು ಬಿಟ್ಟು, ಹೊಲದ ಐದು ಕಡೆ ಐದೈದು ಗಿಡ ನೋಡಿ. ತೂತು ಬಿದ್ದ ಗಿಡವನ್ನೇ ಹುಡುಕಿಕೊಂಡು ಹೋಗಬೇಡಿ, ಲೆಕ್ಕ ಕೆಡುತ್ತದೆ.

ಎಲ್ಲರೂ ಎಡವುವುದು ಎಣಿಸುವಾಗ. ನಿಂತು ಮೇಲಿಂದ ನೋಡಿದರೆ ಏನೂ ಸಿಗದು. ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಎಲೆಯ ಅಡಿಭಾಗ ತಿರುಗಿಸಿ. ಎರಡೂ ತುದಿ ಚೂಪಾದ ಹಸಿರು ಹುಳ ಕಂಡರೆ ಕಡ್ಡಿಯಿಂದ ಮುಟ್ಟಿ. ಹೊರಳಾಡುತ್ತಾ ಹಿಂದಕ್ಕೆ ಸರಿದು, ನೂಲು ಹಿಡಿದು ಜೋತುಬಿದ್ದರೆ ಅದು ವಜ್ರಬೆನ್ನಿನ ಪತಂಗದ ಮರಿ. ಬಲೆಯಂತೆ ಒಳಗಿನದು ಕಾಣುವ ಗೂಡು ಅದರದ್ದೇ. ಗೂಡು ಬಿಗಿಯಾಗಿ ನೇಯ್ದು ಒಳಗೇನೂ ಕಾಣದಿದ್ದರೆ, ಆ ಮರಿಯನ್ನು ತಿಂದು ಬೆಳೆದ ಕಣಜದ್ದಿರಬಹುದು. ಅದನ್ನು ಬೇರೆ ಕಾಲಂನಲ್ಲಿ ಬರೆಯಿರಿ. ಈ ಕಾಲಂ ತುಂಬುತ್ತಿದ್ದರೆ ಔಷಧಿ ಹೊಡೆಯುವ ಆತುರ ಬೇಡ, ಕಣಜವೂ ಸಾಯುತ್ತದೆ. ಎಲೆಯ ರಸ ಹೀರುವ ಗಿಡಹೇನನ್ನು ಒಂದೊಂದಾಗಿ ಎಣಿಸುತ್ತಾ ಕೂರಬೇಡಿ. ಹೇನು ಹತ್ತಿದ ಎಲೆ ಎಷ್ಟು ಅಂತ ಬರೆದರೆ ಆಯಿತು. ಎಳೆ ಗಿಡದಲ್ಲಿ ಸುಳಿ ಬಿಡಿಸಿ ನೋಡುವುದನ್ನು ಮರೆಯಬೇಡಿ. ಸುಳಿ ಕೊರೆಯುವ ಹುಳ ಬಿದ್ದರೆ ಒಂದು ದೊಡ್ಡ ಗಡ್ಡೆಯ ಬದಲು ನಾಲ್ಕಾರು ಪುಟಾಣಿ ಗಡ್ಡೆ ಬರುತ್ತವೆ.

ಅಂಗಡಿಯವರು ಕೊಡುವ ಹಳದಿ ಅಂಟುಹಾಳೆ ರೆಕ್ಕೆ ಬಂದ ಹೇನನ್ನು ತೋರಿಸುತ್ತದೆ, ಅಷ್ಟೇ. ಧೂಳು ಕೂತರೆ ಅದೂ ಇಲ್ಲ. ಮರಿಹುಳಕ್ಕೆ ಅದರಿಂದ ಏನೂ ಆಗದು.

ಎಣಿಕೆಯ ಪಕ್ಕದಲ್ಲೇ ಮಳೆ, ಬಿಸಿಲು ಬರೆದಿಡಿ. ಜೋರು ಮಳೆಗೆ ಮರಿಹುಳ, ಹೇನು ಎರಡೂ ತೊಳೆದುಹೋಗುತ್ತವೆ. ಆಗ ಇಳಿದ ಲೆಕ್ಕವನ್ನು ಔಷಧಿಯ ಖಾತೆಗೆ ಬರೆಯುವುದು ಸುಮ್ನೆ. ಒಣ ಬಿಸಿಲಲ್ಲಿ ಪತಂಗದ ಒಂದು ತಲೆಮಾರು ಎರಡು ಮೂರು ವಾರದಲ್ಲೇ ಮುಗಿಯುತ್ತದೆ. ಬೇಸಿಗೆ ಕೋಸಿಗೆ ವಾರಕ್ಕೆ ಎರಡು ಸಲ ಎಣಿಸಿ ಎನ್ನುವುದು ಅದಕ್ಕೇ.

ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೇಳಿದಂತೆ 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ ಹಾಕಿದ್ದೀರಾ? ಒಂದು ಸಾಲು ನಾಟಿಗೆ 15 ದಿನ ಮುಂಚೆ, ಇನ್ನೊಂದು ನಾಟಿಯಾಗಿ 25 ದಿನಕ್ಕೆ. ಪತಂಗ ಮೊದಲು ಅಲ್ಲಿಗೇ ಹೋಗುತ್ತದೆ, ಸಾಸಿವೆಯ ಲೆಕ್ಕ ಬೇರೆ ಇಡಿ.

ಕಟಾವಾದ ಮೇಲೂ ಬುಡಗಳನ್ನು ಒಮ್ಮೆ ನೋಡಿ, ಕಿತ್ತು ಹೂತುಬಿಡಿ. ಹಾಗೇ ಬಿಟ್ಟರೆ ಚಿಗುರಿ, ಪಕ್ಕದ ಹೊಸ ನಾಟಿಗೆ ಪತಂಗ ಅಲ್ಲಿಂದಲೇ ಹೋಗುತ್ತದೆ.